ದಾದಿಯ ಸಮಯಕ್ಕೂ ಬೆಲೆಯಿದೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಗರ್ಭಿಣಿಯೊಬ್ಬರಿಗೆ ಹೆರಿಗೆ ತೊಡಕಾದರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ರಾಮನಗರಕ್ಕೆ, ಕೊನೆಗೆ ಬೆಂಗಳೂರಿನ ವಾಣಿ ವಿಲಾಸಕ್ಕೆ ಹೋಗಬೇಕಾಗಬಹುದು. ಅವರ ರಕ್ತದೊತ್ತಡ, ಹಿಮೋಗ್ಲೋಬಿನ್ ವಿವರಗಳು ಅವರಿಗಿಂತ ಮೊದಲೇ ವೈದ್ಯರನ್ನು ತಲುಪಿದರೆ ಜೀವ ಉಳಿದೀತು. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಮತ್ತು ಅದರ 14 ಅಂಕಿಗಳ ‘ಆಭಾ’ ಸಂಖ್ಯೆಯ ಆಶಯವೂ ಇದೇ. ಆದ್ದರಿಂದ ವಿದ್ಯುನ್ಮಾನ ದಾಖಲೆಯೇ ಬೇಡವೆನ್ನುವುದು ವಿವೇಕವಲ್ಲ.

ಆದರೆ ದಾಖಲೆ ತಾನಾಗಿ ಹುಟ್ಟುವುದಿಲ್ಲ. ಬಯಲು ಪ್ರದೇಶದಲ್ಲಿ 5,000 ಜನರಿಗೊಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ಸರ್ಕಾರಿ ಮಾನದಂಡ. ಅಲ್ಲಿನ ಆರೋಗ್ಯ ಸಹಾಯಕಿ ಲಸಿಕೆ ಹಾಕಬೇಕು, ಬಾಣಂತಿಯರನ್ನು ನೋಡಬೇಕು. ಬಳಿಕ ಅದೇ ವಿವರವನ್ನು ಹಲವೆಡೆ ರಿಜಿಸ್ಟರಿಗೂ ಕಂಪ್ಯೂಟರಿಗೂ ಎರಡೆರಡು ಬಾರಿ ತುಂಬಬೇಕು. ಸರ್ಕಾರಿ ಸೇವೆಯುದ್ದಕ್ಕೂ ನಾನು ಕಂಡ ಹಳೆಯ ರೋಗವಿದು: ಹೊಸ ನಮೂನೆ ಬರುತ್ತದೆ, ಹಳೆಯದು ಹೋಗುವುದಿಲ್ಲ.

ಸಮಯ ಪುಕ್ಕಟೆಯಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ನಕಲು ಬರಹಕ್ಕೆ ಕಳೆದ ಗಂಟೆಯನ್ನು ತೆರುವವರು ರೋಗಿಗಳೇ. ಪರದೆಯಲ್ಲಿ ನಮೂದಾದುದನ್ನು ಪುಸ್ತಕದಲ್ಲಿ ಮತ್ತೆ ಕೇಳಬಾರದೆಂದು ಸರ್ಕಾರ ಸ್ಪಷ್ಟವಾಗಿ ಆದೇಶಿಸಲಿ. ತಾಯಿ ಕಾರ್ಡ್ ಮಾತ್ರ ತಾಯಿಯ ಕೈಯಲ್ಲೇ ಇರಲಿ. ವಿದ್ಯುತ್ ಕೈಕೊಟ್ಟರೂ ಅದನ್ನು ಓದಬಹುದು.

1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ಹೊಸ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ದಾಖಲೆ ತುಂಬುವುದಷ್ಟೇ ಅಲ್ಲ, ಅದನ್ನು ಓದಿ ಅಪಾಯವನ್ನು ಮೊದಲೇ ಗುರುತಿಸುವುದೂ ದಾದಿಯರ ಪಠ್ಯವಾಗಲಿ. ಇಲ್ಲವಾದರೆ ನಾವು ಶುಶ್ರೂಷಕಿಯರನ್ನು ನೇಮಿಸಿಕೊಂಡು ಗುಮಾಸ್ತರ ಕೆಲಸ ಮಾಡಿಸಿದಂತಾದೀತು.