ಕಸಿ ಚಿಗುರಿದ ಮಾತ್ರಕ್ಕೆ ಕೂಡಿತೆನ್ನಬೇಡಿ

ಕೈ ಮುರಿದವರಿಗೆ ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟುತ್ತಾರೆ, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುತ್ತಾರೆ. ಮುರಿದ ತುದಿಗಳು ಅಲುಗಾಡದಿರಲೆಂಬುದೇ ಎರಡರ ಉದ್ದೇಶ. ಎರಡು ಮೂರು ವಾರಗಳಲ್ಲಿ ಅಲ್ಲಿ ಮೆತ್ತನೆಯ ಗಂಟು ಬೆಳೆದು ನೋವು ತಗ್ಗುತ್ತದೆ. ಹಾಗೆಂದು ಅದೇ ವಾರ ಯಾರೂ ಆ ಕೈಯಲ್ಲಿ ಗುದ್ದಲಿ ಹಿಡಿಯುವುದಿಲ್ಲ. ಈ ಗಂಟಿಗೆ ವೈದ್ಯರು ಕ್ಯಾಲಸ್ ಎನ್ನುತ್ತಾರೆ. ಗಿಡದ ಗಾಯದಲ್ಲಿ ಹುಟ್ಟುವ ಬಿಳಿಯ ಮೃದು ಅಂಗಾಂಶಕ್ಕೂ ನಾವು ಇಟ್ಟಿರುವ ಹೆಸರು ಅದೇ.

ಕೈಗೆ ತೋರುವ ಈ ತಾಳ್ಮೆಯನ್ನು ಕಸಿ ಗಿಡಕ್ಕೆ ನಾವು ತೋರುತ್ತಿಲ್ಲವೆಂಬುದು ನನ್ನ ದೂರು.

ಚಿಂತಾಮಣಿ ಕಡೆಯ ಒಂದು ಮಾವಿನ ತೋಟದಲ್ಲಿ, ನಾಟಿ ಮಾಡಿ ತಿಂಗಳಾಗುವಷ್ಟರಲ್ಲಿ ಸಾಲುಸಾಲಾಗಿ ಒಣಗಿದ ಕಸಿ ಗಿಡಗಳನ್ನು ಕಂಡೆ. "ತಂದಾಗ ಚೆನ್ನಾಗಿ ಚಿಗುರಿದ್ದವಲ್ಲ ಸ್ವಾಮಿ" ಎಂದರು ಯಜಮಾನರು. ಕಟ್ಟು ಬಿಚ್ಚಿ ನೋಡಿದರೆ ಕಡ್ಡಿ ಕೈಗೇ ಬಂತು. ಕಸಿಕಡ್ಡಿಯು ತನ್ನೊಳಗೆ ಕೂಡಿಟ್ಟ ಆಹಾರದಿಂದಲೇ ಮೊದಲ ಚಿಗುರು ಬಿಡಬಲ್ಲದು. ಆಗ ಬೆಸುಗೆಯ ಜಾಗದಲ್ಲಿ ಇರುವುದು ಬರೀ ಕ್ಯಾಲಸ್. ಅದರೊಳಗೆ ಎರಡೂ ಕಡೆಯ ಕೇಂಬಿಯಂ ಪದರಗಳು ಸೇರಿ, ನೀರು ಸಾಗಿಸುವ ಹೊಸ ನಾಳಗಳು ಮೂಡಿದ ಮೇಲೆಯೇ ಕಸಿ ಕೂಡಿದಂತೆ. ಮೊದಲ ಚಿಗುರಿನ ಎಲೆಗಳು ಬಲಿತು, ಎರಡನೆಯ ಚಿಗುರು ಬಂದ ಗಿಡವನ್ನೇ ಕೇಳಿ ಪಡೆಯಿರಿ. ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಕೂಡಿದ ನಂತರವೂ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚದೆ ಬಿಟ್ಟರೆ ಅದು ಕಾಂಡವನ್ನು ಬಿಗಿದು ಕೊರೆಯುತ್ತದೆ, ಅದೂ ನೆನಪಿರಲಿ.

ಮೂಳೆಗೂ ಗಿಡಕ್ಕೂ ಒಂದು ವ್ಯತ್ಯಾಸವುಂಟು. ಮೂಳೆಯ ಕ್ಯಾಲಸ್ ಕ್ರಮೇಣ ಗಟ್ಟಿಯಾಗಿ ಮೂಳೆಯೇ ಆಗಿಬಿಡುತ್ತದೆ. ಕಸಿಯಲ್ಲಿ ಮಾತ್ರ ಮೇಲಿನದು ಮೇಲಿನ ಜಾತಿಯೇ, ಕೆಳಗಿನದು ಕೆಳಗಿನ ಜಾತಿಯೇ. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಉಪ್ಪಿನಂಶದ ಕೊಳವೆಬಾವಿ ನೀರನ್ನು ನಂಬಿ ದ್ರಾಕ್ಷಿ ಇಡುವವರಿಗೆ ಇದು ಮುಖ್ಯ. ಉಪ್ಪನ್ನು ತಡೆಯುವುದು ಕೆಳಗಿನ ಡಾಗ್‌ರಿಡ್ಜ್ ಬೇರು. ಕಸಿಯ ಗಂಟನ್ನು ಮಣ್ಣಿನಲ್ಲಿ ಹೂತರೆ ಮೇಲಿನ ಕಡ್ಡಿಯೇ ಬೇರು ಬಿಡುತ್ತದೆ. ಡಾಗ್‌ರಿಡ್ಜ್‌ಗೆ ಕೊಟ್ಟ ಹಣ ಆಗ ದಂಡ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆ ಕಡ್ಡಿ ಕಿತ್ತು ನೋಡಿ, ಬುಡದ ಬಿಳಿ ಗಂಟನ್ನೇ ಬೇರೆಂದು ಹಿಗ್ಗುವುದುಂಟು. ಅದು ಗಾಯ ಮುಚ್ಚಿದ ಗುರುತಷ್ಟೆ. ಹಿಪ್ಪುನೇರಳೆಯಲ್ಲಿ ಬೇರಿನ ಮೊಳಕೆಗಳು ಗಿಣ್ಣಿನ ಬಳಿ ಮೊದಲೇ ಅಡಗಿರುತ್ತವೆ. (ಕಿತ್ತು ನೋಡುವುದನ್ನು ಬಿಟ್ಟರೆ ಇನ್ನೂ ಹೆಚ್ಚು ಕಡ್ಡಿ ಬದುಕೀತು!)

ಇನ್ನು ಅಂಗಾಂಶ ಕೃಷಿಯ ಬಾಳೆ. ಪ್ರಯೋಗಾಲಯದಲ್ಲಿ ಕ್ಯಾಲಸ್‌ನಿಂದ ಇಡೀ ಗಿಡ ಪಡೆಯಬಹುದು. ಹಾರ್ಮೋನುಗಳ ಪ್ರಮಾಣ ಬದಲಿಸಿದರೆ ಅದೇ ಕ್ಯಾಲಸ್ ಬೇರನ್ನೋ ಚಿಗುರನ್ನೋ ಬಿಡುತ್ತದೆಂದು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತೋರಿಸಿದರು. ಆದರೆ ಹೀಗೆ ಬಂದ ಗಿಡಗಳಲ್ಲಿ ತಾಯಿಯ ಗುಣ ತಪ್ಪುವ ಅಪಾಯ ಹೆಚ್ಚು. ಆದ್ದರಿಂದಲೇ ಮಾರಾಟದ ಬಾಳೆ ಸಸಿಗಳನ್ನು ಕ್ಯಾಲಸ್ ಹಂತ ತಪ್ಪಿಸಿ, ಕಂದಿನ ಕುಡಿಯಿಂದ ನೇರವಾಗಿ ಬೆಳೆಸುವುದು ವಾಡಿಕೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಇಂಥ ಸಸಿಗಳಿಗೆ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ಮುಂಗಡ ಕೊಡುವ ಮೊದಲು ಆ ಪ್ರಮಾಣ ಪತ್ರವನ್ನು ಕೇಳಿ ನೋಡಿರಿ.