ಹಗ್ಗ ಬಿಚ್ಚುವ ಮುನ್ನ

ದೇಶದ 111 ಜಲಮಾರ್ಗಗಳಿಗೆ 2016ರ ಕಾಯ್ದೆಯಡಿ ‘ರಾಷ್ಟ್ರೀಯ’ ಎಂಬ ಮನ್ನಣೆ ದೊರೆತಿದೆ. ಕಾಳಿ, ಶರಾವತಿ, ನೇತ್ರಾವತಿ, ಗುರುಪುರ, ಕಬಿನಿ ಮೊದಲಾದ ನಮ್ಮ ನದಿಗಳೂ ಆ ಪಟ್ಟಿಯಲ್ಲಿವೆ. ಜಲಸಾರಿಗೆ ಅಗ್ಗ, ಇಂಧನವೂ ಉಳಿತಾಯ ಎಂಬ ವಾದದಲ್ಲಿ ಹುರುಳಿದೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ನದಿ ಹೆದ್ದಾರಿಯಾಗಿಬಿಡದು.

ನದಿಯ ಪಾತ್ರ ಸ್ಥಿರವಲ್ಲ. ಕಳೆದ ವರ್ಷ ಆಳವಿದ್ದ ಕಡೆ ಈ ವರ್ಷ ಮರಳುದಿಣ್ಣೆ ಎದ್ದಿರಬಹುದು. 1986ರಲ್ಲೇ ಮೊದಲ ರಾಷ್ಟ್ರೀಯ ಜಲಮಾರ್ಗವೆನಿಸಿದ, ಹಲ್ದಿಯಾದಿಂದ ಅಲಹಾಬಾದ್‌ವರೆಗಿನ 1,620 ಕಿ.ಮೀ. ಉದ್ದದ ಗಂಗಾ ಮಾರ್ಗದಲ್ಲಿ ಆಳ ಕಾಯ್ದುಕೊಳ್ಳುವುದು ಮುಗಿಯದ ಕೆಲಸ. ಹೂಳೆತ್ತುವ ಯಂತ್ರಗಳ ಜೊತೆಗೆ, ನೀರಿಗೆ ಬಿದಿರಿನ ತಡಿಕೆಗಳನ್ನು ಓರೆಯಾಗಿ ನೆಟ್ಟು, ಹರಿವನ್ನು ಒಂದೆಡೆಗೆ ತಿರುಗಿಸಿ ಪಾತ್ರವನ್ನು ಆಳಗೊಳಿಸುವ ಹಳೆಯ ಉಪಾಯವೂ ಅಲ್ಲಿ ಬಳಕೆಯಲ್ಲಿದೆ.

ದೋಣಿ ನಡೆಸುವುದಕ್ಕಿಂತ ಅದನ್ನು ದಡಕ್ಕೆ ಕಟ್ಟುವುದು ನಾಜೂಕಿನ ಕೆಲಸ. ಅನುಭವಿ ಅಂಬಿಗ ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ತಿರುಗಿಸಿಯೇ ದಡ ಸೇರುತ್ತಾನೆ. ಆಗ ಹರಿವೇ ವೇಗಕ್ಕೆ ಕಡಿವಾಣವಾಗುತ್ತದೆ. ಮೊದಲು ಮುಂಭಾಗದ ಹಗ್ಗ, ಆಮೇಲೆ ಹಿಂಭಾಗದ್ದು. ಹಗ್ಗವನ್ನು ಬಿಗಿದು ಕಟ್ಟಿದರೆ ನೀರು ಇಳಿದಾಗ ದೋಣಿ ವಾಲುತ್ತದೆ, ತೀರಾ ಸಡಿಲ ಬಿಟ್ಟರೆ ದಡಕ್ಕೆ ಬಡಿಯುತ್ತದೆ. ಜಲಾಶಯಗಳಲ್ಲಿ ಈ ಸಮಸ್ಯೆ ಇನ್ನೂ ದೊಡ್ಡದು. ಲಿಂಗನಮಕ್ಕಿ ಅಣೆಕಟ್ಟೆಯಿಂದ ದ್ವೀಪವಾಸಿಗಳಂತಾದ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಲಾಂಚ್ ದಡಕ್ಕೆ ತಾಗದಿದ್ದಾಗ ವಾಹನ ಸಾಗಣೆಯನ್ನೇ ನಿಲ್ಲಿಸಬೇಕಾಗಿ ಬಂದದ್ದುಂಟು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಆದರೆ ನೂರಾರು ಕೋಟಿ ರೂಪಾಯಿಯ ಸೇತುವೆಯನ್ನು ಪ್ರತಿ ಕಡವಿನಲ್ಲೂ ಕಟ್ಟಲಾಗದು.

ನಡುನೀರಿನ ದುರಂತಗಳ ಮೂಲ ಅನೇಕ ವೇಳೆ ದಡದಲ್ಲೇ ಇರುತ್ತದೆ. 2009ರಲ್ಲಿ ಕೇರಳದ ತೇಕ್ಕಡಿಯಲ್ಲಿ 45 ಮಂದಿ ಜಲಸಮಾಧಿಯಾದರು. 2019ರ ಸೆಪ್ಟೆಂಬರ್‌ನಲ್ಲಿ ಉಕ್ಕಿ ಹರಿಯುತ್ತಿದ್ದ ಗೋದಾವರಿಯಲ್ಲಿ, ಕಚ್ಚುಲೂರು ಬಳಿ ಪ್ರವಾಸಿ ದೋಣಿ ಮುಳುಗಿತು. 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ, ಸೂರ್ಯಾಸ್ತದ ನಂತರ ಮಿತಿಮೀರಿ ಜನರನ್ನು ತುಂಬಿಕೊಂಡು ಹೊರಟ ದೋಣಿ 22 ಜೀವಗಳನ್ನು ಬಲಿ ತೆಗೆದುಕೊಂಡಿತು. ಹೆಚ್ಚು ಜನ ಹತ್ತುವುದು, ಪ್ರವಾಹವಿದ್ದರೂ ಹೊರಡುವುದು, ಕತ್ತಲಾದರೂ ಸಾಗುವುದು – ಇವೆಲ್ಲ ಹಗ್ಗ ಬಿಚ್ಚುವ ಗಳಿಗೆಯಲ್ಲಿ ಆಗುವ ತೀರ್ಮಾನಗಳು. ಆಗ ‘ಬೇಡ’ ಎನ್ನುವ ಅಧಿಕಾರವುಳ್ಳವರು ಅಲ್ಲಿರಲೇಬೇಕು.

ಶತಮಾನ ಹಳೆಯ 1917ರ ಕಾನೂನಿನ ಸ್ಥಾನದಲ್ಲಿ 2021ರಲ್ಲಿ ಬಂದ ಒಳನಾಡು ನೌಕೆಗಳ ಕಾಯ್ದೆ ನೌಕೆಯ ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ, ಜೀವರಕ್ಷಕ ಸಾಧನಗಳ ಬಗ್ಗೆ ವಿವರವಾಗಿ ಹೇಳುತ್ತದೆ. ಕಾಗದದಲ್ಲಿ ಇದು ಸ್ವಾಗತಾರ್ಹವೇ. ಆದರೆ ತಪಾಸಣೆಯಲ್ಲಿ ಉತ್ತೀರ್ಣವಾದ ದೋಣಿಯೂ ಜನ ಮಿತಿಮೀರಿ ಹತ್ತಿದರೆ ಮಗುಚುತ್ತದೆ. ಆದ್ದರಿಂದ ಕಾಯ್ದೆಯ ಕಣ್ಣು ನೌಕೆಯಿಂದ ಕಡವಿನತ್ತ ಹೊರಳಬೇಕು.

ಇದಕ್ಕೆ ಭಾರಿ ವೆಚ್ಚವೇನೂ ಬೇಕಿಲ್ಲ. ಪ್ರತಿ ಕಡವಿನಲ್ಲೂ ನೀರಿನ ಮಟ್ಟ ತೋರುವ ಅಳತೆಗಂಬ ನೆಟ್ಟು, ಯಾವ ಗೆರೆ ದಾಟಿದರೆ ದೋಣಿ ಹೊರಡುವಂತಿಲ್ಲ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆಯಬೇಕು. ಸಂಚಾರ ತಡೆಯುವ ಅಧಿಕಾರವನ್ನು ಸ್ಥಳದಲ್ಲೇ ಇರುವ ಒಬ್ಬರಿಗೆ ಕೊಟ್ಟು, ಲೋಪಕ್ಕೆ ಅವರನ್ನೇ ಹೊಣೆಯಾಗಿಸಬೇಕು. ನೀರಿನೊಡನೆ ಏರಿಳಿಯುವ ತೇಲುವ ಜೆಟ್ಟಿಗಳು ಹಿನ್ನೀರಿನ ಊರುಗಳಿಗೆ ಮೊದಲು ದೊರೆಯಬೇಕು. ಮಳೆಗಾಲ ಮುಗಿದೊಡನೆ ಆಳದ ಸಮೀಕ್ಷೆ ನಡೆಯಬೇಕು. ನದಿಯ ಸುಳಿ–ಸೆಳವು ಬಲ್ಲ ಅಂಬಿಗರನ್ನು ನಿಯಮಗಳ ನೆಪದಲ್ಲಿ ಹೊರಗಟ್ಟದೆ, ತರಬೇತಿ ಮತ್ತು ಪರವಾನಗಿ ನೀಡಿ ಒಳಗೊಳ್ಳಬೇಕು.

ಜಲಮಾರ್ಗಗಳ ಯಶಸ್ಸನ್ನು ಸಾಗಿಸಿದ ಸರಕಿನ ಟನ್ನುಗಳಲ್ಲಷ್ಟೇ ಅಳೆಯುವುದು ಸಲ್ಲದು. ಶಾಲೆಗೆ ಹೋದ ಮಗು ಸಂಜೆ ಅದೇ ಕಡವಿನಲ್ಲಿ ಸುರಕ್ಷಿತವಾಗಿ ಇಳಿಯುವಂತಾದರೆ ಮಾತ್ರ ‘ರಾಷ್ಟ್ರೀಯ’ ಎಂಬ ವಿಶೇಷಣಕ್ಕೆ ಅರ್ಥ ಬರುತ್ತದೆ.