ತೆರೆದ ಮನೆಯಲ್ಲೊಂದು ಬೀಗ ಹಾಕಿದ ಕೋಣೆ

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರೊಂದು ಬಂತು. ನಮ್ಮಲ್ಲಿ ನೆರಳಚ್ಚಿಗೇ ತನ್ನ ಹೆಸರು ಅಂಟಿಸಿಬಿಟ್ಟಿರುವ ಜೆರಾಕ್ಸ್ ಕಂಪನಿಯ ಉಡುಗೊರೆ ಅದು. ಯಂತ್ರವೇನೋ ಚುರುಕು, ಆದರೆ ಆಗಾಗ ಕಾಗದ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಹಳೆಯ ಪ್ರಿಂಟರಿಗೂ ಅದೇ ಕಾಯಿಲೆ ಇತ್ತು. ಆಗ ರಿಚರ್ಡ್ ಸ್ಟಾಲ್‌ಮನ್ ಎಂಬ ಯುವಕ ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಅಚ್ಚಿಗೆ ಕಾದವರೆಲ್ಲರ ಪರದೆಗೂ ಸುದ್ದಿ ಹೋಗುವಂತೆ ಮಾಡಿದ್ದ. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಅದರ ಮೂಲ ಸಂಕೇತವನ್ನೇ ಕಂಪನಿ ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇದೆಯೆಂದು ತಿಳಿದು ಅಲ್ಲಿಗೂ ಹೋಗಿ ಕೇಳಿದ. ಯಾರಿಗೂ ಕೊಡುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದ ಅವರು ಆಗದೆಂದರು. ಬರಿಗೈಲಿ ಮರಳಿದ ಸ್ಟಾಲ್‌ಮನ್ 1983ರಲ್ಲಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಗಳನ್ನೇ ರೂಪಿಸುವ `ಗ್ನು' ಯೋಜನೆಯನ್ನು ಸಾರಿದ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದೇ ದಾರಿಯಲ್ಲಿ ಲಿನಕ್ಸ್ ಆರಂಭಿಸಿದ. ಅದನ್ನು ಯಾರೂ ಬಿಚ್ಚಿ ನೋಡಬಹುದು. ಆದರೂ ಪ್ರಿಂಟರಿನ ಕಥೆ ಮುಗಿಯಲಿಲ್ಲ. ಈ ತೆರೆದ ಮನೆಯಲ್ಲೂ ಕೆಲವು ಕೋಣೆಗಳಿಗೆ ಬೀಗ ಬಿದ್ದಿದೆ. ಅವು ಹೆಚ್ಚಾಗಿ ಡ್ರೈವರುಗಳ ಕೋಣೆಗಳು.

ಡ್ರೈವರ್ ಎಂದರೆ ದುಭಾಷಿ. `ಈ ಚಿತ್ರ ತೋರಿಸು' ಎಂದು ಆಪರೇಟಿಂಗ್ ಸಿಸ್ಟಂ ಹೇಳಿದ್ದನ್ನು ಚಿಪ್ಪಿಗೆ ತಿಳಿಯುವ ಭಾಷೆಗೆ ತಿರುಗಿಸುತ್ತದೆ. ಆ ಭಾಷೆಯ ವ್ಯಾಕರಣ ಚಿಪ್ಪು ಮಾಡಿದವರಿಗಷ್ಟೇ ಗೊತ್ತು. ಕೆಲವರು ಹೇಳಿಕೊಡುತ್ತಾರೆ, ಇಂಟೆಲ್ ತನ್ನ ಗ್ರಾಫಿಕ್ಸ್ ಡ್ರೈವರನ್ನು ತೆರೆದೇ ಇಟ್ಟಿದೆ. ಇನ್ನು ಕೆಲವರು ವ್ಯಾಪಾರದ ಗುಟ್ಟೆಂದು ಮುಚ್ಚಿಟ್ಟು, ಬಿಚ್ಚಲಾಗದ ಗಂಟೊಂದನ್ನು ಕೈಗಿಡುತ್ತಾರೆ.

ಎನ್ವಿಡಿಯಾ ಬಹುಕಾಲ ಈ ಎರಡನೆಯ ಗುಂಪಿನಲ್ಲಿತ್ತು. ಕಂಪನಿಯ ಡ್ರೈವರ್ ಏನು ಹೇಳುತ್ತದೆ, ಚಿಪ್ಪು ಏನು ಉತ್ತರಿಸುತ್ತದೆ ಎಂಬುದನ್ನು ಕದ್ದು ಕೇಳಿ ಕೇಳಿಯೇ ಸ್ವಯಂಸೇವಕರು `ನೂವೋ' ಎಂಬ ಡ್ರೈವರ್ ಕಟ್ಟಿದರು. 2010ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಟೋರ್ವಾಲ್ಡ್ಸ್ ಕ್ಯಾಮೆರಾಗೆ ಬೆರಳು ತೋರಿಸಿ ಎನ್ವಿಡಿಯಾವನ್ನು ಬೈದದ್ದು ವಿದ್ಯಾರ್ಥಿಗಳ ಪುಟದಲ್ಲಿ ಅಚ್ಚು ಹಾಕುವಂಥದ್ದಲ್ಲ. ಕಡೆಗೆ 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರಿನ ಒಂದು ಭಾಗವನ್ನು ತೆರೆಯಿತು. ಉಳಿದದ್ದು ಇನ್ನೂ ಬೀಗದೊಳಗೇ ಇದೆ.

ಕೆಲಸ ನಡೆದರೆ ಸಾಕು, ಬೀಗವಿದ್ದರೇನು ಎನ್ನುವವರೂ ಇದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಪರಮ ಮಡಿವಂತರೆನಿಸಿದ ಡೆಬಿಯನ್ ಬಳಗದವರೇ 2022ರಲ್ಲಿ ಮತ ಹಾಕಿ, ಬೀಗ ಹಾಕಿದ ಫರ್ಮ್‌ವೇರನ್ನು, ಅಂದರೆ ಚಿಪ್ಪಿನೊಳಗೇ ಓಡುವ ಪುಟ್ಟ ತಂತ್ರಾಂಶವನ್ನು, ತಮ್ಮ ಲಿನಕ್ಸಿನ ಜೊತೆ ಕೊಡಲು ಒಪ್ಪಿದರು. ಅದಿಲ್ಲದೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವೈಫೈ ಏಳುತ್ತಲೇ ಇರಲಿಲ್ಲ.

ಪೆಟ್ಟು ಬೀಳುವುದು ಕೆಲವು ವರ್ಷಗಳ ಮೇಲೆ. 2010ರಲ್ಲಿ ಬಂದ ಎನ್ವಿಡಿಯಾದ ಫರ್ಮಿ ಕಾರ್ಡುಗಳಿಗೆ ಲಿನಕ್ಸ್ ಡ್ರೈವರ್ ತಿದ್ದಿಕೊಡುವುದನ್ನು ಕಂಪನಿ 2022ರ ಕೊನೆಗೆ ನಿಲ್ಲಿಸಿತು. ಲಿನಕ್ಸಿನ ತಿರುಳೋ ವರ್ಷಕ್ಕೆ ಹಲವು ಬಾರಿ ಬದಲಾಗುತ್ತದೆ. ಹಳೆಯ ಗಂಟು ಅದಕ್ಕೆ ಹೊಂದದಿದ್ದರೆ ಸರಿಪಡಿಸುವವರಿಲ್ಲ. ಕಾರ್ಡು ಗಟ್ಟಿಮುಟ್ಟಾಗಿರುತ್ತದೆ, ದುಭಾಷಿಯೇ ಇರುವುದಿಲ್ಲ. ಅಂಥ ಕಾರ್ಡುಗಳಿಗೆ ಉಳಿದ ಆಸರೆ, ಕದ್ದು ಕೇಳಿ ಕಟ್ಟಿದ ಆ ನೂವೋ.

ಮಕ್ಕಳ ಓದಿಗೆಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ಲಿನಕ್ಸ್ ಹಾಕಿಸಬೇಕೆಂದಿರುವ ತಂದೆತಾಯಿ, ಅಂಗಡಿಗೆ ಹೋಗುವಾಗ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡಿರುವುದು ಒಳ್ಳೆಯದು. ಹಾರ್ಡ್‌ಡಿಸ್ಕ್ ಮುಟ್ಟದೆಯೇ ಅದರಿಂದ ಯಂತ್ರವನ್ನು ಚಾಲೂ ಮಾಡಬಹುದು. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ ಎಂದು ಹಣ ಎಣಿಸುವ ಮೊದಲೇ ನೋಡಿಕೊಳ್ಳಬಹುದು. ಪ್ರಿಂಟರ್ ಕೊಳ್ಳುವವರು ಮಾದರಿಯ ಸಂಖ್ಯೆ ಬರೆದುಕೊಂಡು ಬಂದು, ಅದು ಲಿನಕ್ಸಿಗೆ ಹೊಂದುತ್ತದೆಯೇ ಎಂದು ವಿಚಾರಿಸಿಕೊಂಡೇ ಮತ್ತೆ ಹೋಗಬೇಕು.